ಮೂರು ಬ್ಯಾಚಿಗೆ ಒಬ್ಬಳೇ ಕೇಸು

ನನಗೆ ಸಿಟ್ಟು ಜಾಸ್ತಿ. ಕಂಪ್ಲಿಯ ನಮ್ಮ ಮನೆಯಲ್ಲಿ ಇದನ್ನು ಯಾರೂ ಮುಚ್ಚಿಡುವುದಿಲ್ಲ. ಒಮ್ಮೆ ಹೆಣ್ಣು ನೋಡಲು ಬಂದವರ ಎದುರಿಗೇ ಅಜ್ಜಿ, "ಹುಡುಗಿ ಬಂಗಾರದಂಥಾಕಿ, ಸಿಟ್ಟೊಂದು ಭಾಳ" ಎಂದುಬಿಟ್ಟಳು. ಅವರು ಉಪ್ಪಿಟ್ಟು ತಿಂದು ಹೋದವರು ಮತ್ತೆ ಬರಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಬಸ್ಸಿನಲ್ಲಿ ಸೀಟಿಗೆ, ಅಂಗಡಿಯಲ್ಲಿ ತೂಕಕ್ಕೆ, ಮನೆಯಲ್ಲಿ ಆರಿದ ಸಾರಿಗೆ, ಎಲ್ಲದಕ್ಕೂ ನಾನು ಜಗಳವಾಡಿದ್ದೇನೆ. ಆದರೆ ನಿಜವಾಗಿ ಸಿಟ್ಟು ಬರಬೇಕಿದ್ದ ಒಂದು ಶನಿವಾರ ಮಾತ್ರ ನನಗೆ ಬರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ಆವತ್ತಿನದು ಈಗ ಬರುತ್ತಿದೆ, ದಿನವೂ ಬರುತ್ತಿದೆ.

ಆಗ ನಾನು ಹೊಸಪೇಟೆ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಡ್. ಓದುತ್ತಿದ್ದೆ. ಕಾಲೇಜಿನ ಹೆಸರು ಬೇಡ. ಅಲ್ಲಿ ವಿಕಾಸ ಮನೋವಿಜ್ಞಾನ ಎಂಬ ವಿಷಯವಿತ್ತು. ಮಗು ಹೇಗೆ ಬೆಳೆಯುತ್ತದೆ, ಅದರ ಮೈ, ಮಾತು, ಬುದ್ಧಿ, ಭಾವನೆ ಯಾವ ಯಾವ ವಯಸ್ಸಿಗೆ ಹೇಗೆ ಬಲಿಯುತ್ತವೆ ಎಂಬುದೇ ಪಾಠ. ಅದರ ಜೊತೆಗೆ ಒಂದು ವ್ಯಕ್ತಿ ಅಧ್ಯಯನ, ಅಂದರೆ ಕೇಸ್ ಸ್ಟಡಿ ಬರೆಯಬೇಕು. ನಾವು ಪಾಠ ಮಾಡಲು ಹೋಗುವ ಶಾಲೆಯಲ್ಲಿ ಒಂದು ಮಗುವನ್ನು ಆರಿಸಿಕೊಂಡು, ಕೆಲವು ವಾರ ಅದರ ಜೊತೆ ಇದ್ದು, ಮನೆಗೂ ಹೋಗಿ ನೋಡಿ, ಕಂಡದ್ದನ್ನು ಬರೆದು, ಶನಿವಾರ ಕ್ಲಾಸಿನಲ್ಲಿ ಓದಿ ಚರ್ಚೆ ಮಾಡಬೇಕು. ಎಷ್ಟು ಒಳ್ಳೆಯ ಕೆಲಸ! ನಲವತ್ತು ಮಕ್ಕಳಿಗೆ ಒಂದೇ ಸಲ ಪಾಠ ಒದರುವ ಮೊದಲು ಒಂದು ಮಗುವನ್ನಾದರೂ ಕಣ್ಣು ಬಿಟ್ಟು ನೋಡು ಎಂದು ಹೇಳುವ ಕೆಲಸ. ಈಗಲೂ ನಾನದನ್ನು ನಂಬುತ್ತೇನೆ, ನಂಬುವುದರಿಂದಲೇ ಇಷ್ಟು ಮೈ ಉರಿಯುತ್ತದೆ.

ಅದು ನಡೆಯುತ್ತಿದ್ದ ರೀತಿಯೇ ಬೇರೆ. ಮಗುವಿಗೆ ಏನಾದರೊಂದು ಸಮಸ್ಯೆ ಇರಬೇಕು, ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ. ಉಂಡುಟ್ಟು ಆಡಿಕೊಂಡು ಓದಿಕೊಂಡಿರುವ ಮಗು ಯಾರಿಗೂ ಬೇಡ. ನಮ್ಮ ತಂಡದಲ್ಲಿ ಹನ್ನೆರಡು ಜನ. ತೋರಣಗಲ್ಲು ದಿಕ್ಕಿನ ಒಂದು ಊರಿನ ಶಾಲೆಗೆ ನಮ್ಮನ್ನು ಹಾಕಿದ್ದರು. ಊರ ತುಂಬ ಫ್ಯಾಕ್ಟರಿಯ, ಗಣಿಯ ಕೆಲಸಗಾರರು. ಪ್ರೈಮರಿ, ಹೈಸ್ಕೂಲು ಎರಡೂ ಒಂದೇ ಕಾಂಪೌಂಡಿನಲ್ಲಿದ್ದವು. ಮೊದಲ ದಿನವೇ ನಮ್ಮವರು ಕೇಸು ಹುಡುಕಿಕೊಂಡು ಕ್ಲಾಸಿನಿಂದ ಕ್ಲಾಸಿಗೆ ಓಡಿದರು. ಮಧ್ಯಾಹ್ನ ಊಟದ ಹೊತ್ತಿಗೆ, "ನಿನಗ ಯಾವ ಕೇಸು ಸಿಕ್ತು?" "ನನಗ ಕಳ್ಳತನದ್ದು ಸಿಕ್ಕೈತಿ ಲೇ, ಮಸ್ತ್ ಐತಿ!" ಎಂದು ಮಾತಾಡಿಕೊಳ್ಳುತ್ತಿದ್ದರು. ತೊದಲುವ ಹುಡುಗ, ತಾಯಿ ಸತ್ತ ಹುಡುಗಿ, ಉಗುರು ಕಚ್ಚುವವನು, ಎಲ್ಲರೂ ಬುಕ್ ಆಗಿಬಿಟ್ಟಿದ್ದರು. ಕಂಪ್ಲಿಯಿಂದ ಎರಡು ಬಸ್ಸು ಬದಲಿಸಿ ತಡವಾಗಿ ಬಂದ ನನಗೆ ಏನೂ ಉಳಿದಿರಲಿಲ್ಲ.

ಸ್ಟಾಫ್ ರೂಮಿಗೆ ಹೋಗಿ ಅಲ್ಲಿದ್ದ ಮೇಡಂ ಒಬ್ಬರನ್ನು ಕೇಳಿದೆ. ಅವರು ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ. "ಒಂಬತ್ತನೇ ಕ್ಲಾಸಿನ್ಯಾಗ ಕೊನೇ ಬೆಂಚಿನಾಕಿ ಅದಾಳ ನೋಡ್ರಿ. ರೆಡಿ ಕೇಸು. ವರ್ಷಾ ವರ್ಷಾ ನಿಮ್ಮ ಕಾಲೇಜಿನೋರು ಆಕಿನ್ನೇ ತಗೊಂತಾರ" ಎಂದರು.

ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಖುಷಿಯಾದದ್ದು ನಿಜ.

ಮಾರನೆಯ ದಿನ ಆಟದ ಪೀರಿಯಡ್ಡಿನಲ್ಲಿ ಆ ಹುಡುಗಿಯನ್ನು ನೀರಿನ ಟ್ಯಾಂಕಿನ ಪಕ್ಕದ ಬೇವಿನ ಗಿಡದ ಕೆಳಗೆ ಕರೆದೆ. ಬಂದಳು. ಸಣ್ಣಗೆ, ಉದ್ದಕ್ಕೆ ಇದ್ದಳು, ಎರಡು ಜಡೆಯನ್ನು ಬಿಗಿಯಾಗಿ ಮೇಲೆ ಕಟ್ಟಿದ್ದಳು. ನಾನು ಹೆಸರು ಕೇಳಿ, ನಕ್ಕು, ಸಲಿಗೆ ಬೆಳೆಸಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಅದಕ್ಕೆಲ್ಲ ಅವಳು ಸಮಯವನ್ನೇ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತು ನನ್ನ ನೋಟ್‌ಬುಕ್ಕಿನ ಕಡೆ ನೋಡಿ, "ಬರಕೊಂತೀರೇನ್ರಿ?" ಎಂದಳು. ಹೂಂ ಎಂದೆ. ಶುರು ಮಾಡಿದಳು.

"ಅಪ್ಪ ಮನಿಯಾಗ ಇಲ್ಲ. ಸಂಡೂರಾಗ ಬ್ಯಾರೆ ಸಂಸಾರ ಮಾಡ್ಯಾನ. ಅವ್ವ ಕಂಪನಿ ಕ್ಯಾಂಟೀನ್‌ದಾಗ ಕೆಲಸ ಮಾಡ್ತಾಳ. ಅಕ್ಕ, ತಂಗಿ, ಅಣ್ಣ, ತಮ್ಮ ಯಾರೂ ಇಲ್ಲ. ಹುಟ್ಟಿದ್ದು ನಾರ್ಮಲ್. ನಡದಿದ್ದು ವರ್ಷಕ್ಕ, ಮಾತು ಒಂದೂವರಿ ವರ್ಷಕ್ಕ. ದೊಡ್ಡ ಜಡ್ಡು ಯಾವದೂ ಬಂದಿಲ್ಲ." ನನ್ನ ಪೆನ್ನು ಹಿಂದೆ ಬಿದ್ದದ್ದನ್ನು ನೋಡಿ ನಿಂತಳು. ನಾನು ಬರೆದು ಮುಗಿಸಿದ ಮೇಲೆ, "ಮುಂದ ಸ್ನೇಹಿತರದ್ದು ಬರ್ತೈತಿ ಮೇಡಂ. ಯಾರೂ ಇಲ್ಲ ಅಂತ ಹಾಕ್ಕೊಳ್ರಿ" ಎಂದಳು.

ನಮಗೆ ಕೊಟ್ಟಿದ್ದ ನಮೂನೆಯಲ್ಲಿ ಪ್ರಶ್ನೆಗಳು ಸರಿಯಾಗಿ ಅದೇ ಕ್ರಮದಲ್ಲಿದ್ದವು. ಪಾಠ ಮಾಡುವ ನಮ್ಮ ಮೇಷ್ಟ್ರಿಗೇ ಆ ಕ್ರಮ ಹಾಳೆ ನೋಡದೆ ಬರುತ್ತಿರಲಿಲ್ಲ.

"ಇದೆಲ್ಲ ನಿನಗ ಹೆಂಗ ಗೊತ್ತು?" ಎಂದೆ.

"ಏಳನೇತ್ಯಾಗ ಒಬ್ಬರು ಬರಕೊಂಡ್ರು. ಎಂಟನೇತ್ಯಾಗ ಒಬ್ಬರು ಬರಕೊಂಡ್ರು. ಈಗ ನೀವು."

"ಬರಕೊಂಡು ಏನ್ ಮಾಡಿದ್ರು?"

"ಹೋದ್ರು" ಎಂದಳು.

ಅವಳ ಮುಖದಲ್ಲಿ ದೂರೇನೂ ಇರಲಿಲ್ಲ. ಬಸ್ಸು ಹೋಯಿತೇ ಎಂದು ಕೇಳಿದವರಿಗೆ ಹೋಯಿತು ಎಂದು ಹೇಳುವ ಹಾಗೆ ಹೇಳಿದಳು. ನಾನು ಪೆನ್ನು ಮುಚ್ಚಿಟ್ಟೆ. ಅದೊಂದು ಸರಿಯಾದ ಕೆಲಸ ನಾನು ಮಾಡಿದೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಮುಂದೆ ಎರಡು ವಾರ ನಾನು ಅವಳನ್ನು ಏನೂ ಕೇಳಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಹೋಗಿ ಕೂರುತ್ತಿದ್ದೆ, ಅವಳೂ ಕೂರುತ್ತಿದ್ದಳು. ನಾನು ತಂದ ಶೇಂಗಾ ಚಟ್ನಿ ರೊಟ್ಟಿಯನ್ನು ತಿನ್ನುತ್ತಿದ್ದಳು, ಖಾರ ಕಡಿಮೆ ಎಂದು ಮುಖ ಕಿವಿಚುತ್ತಿದ್ದಳು. ಹಾಗೆ ಕೂತಾಗ ಒಂದೊಂದೇ ಮಾತು ಹೊರಬಂತು. ಕ್ಲಾಸಿನಲ್ಲಿ ಹುಡುಗರು ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಕೇಸು" ಎಂದು ಕರೆಯುತ್ತಿದ್ದರು. ಅದು ಏಳನೇ ಕ್ಲಾಸಿನಲ್ಲಿ ಶುರುವಾದದ್ದು. ಮೊದಲು ಬರೆದುಕೊಂಡ ನಮ್ಮ ಕಾಲೇಜಿನ ಅಕ್ಕ ಅಪ್ಪನ ವಿಷಯ ಕೇಳಿದ್ದಳಂತೆ, ಇವಳು ಅತ್ತು ಎಲ್ಲ ಹೇಳಿದ್ದಳಂತೆ. ಆ ಪುಣ್ಯಾತ್ಗಿತ್ತಿ ಅದನ್ನು ಬರೆದು, ಅದರಿಂದ ಬುದ್ಧಿಯೂ ಹಿಂದೆ ಬಿದ್ದಿದೆ ಎಂದು ಸೇರಿಸಿ, ಕ್ಲಾಸ್ ಟೀಚರ ಸಹಿ ಬೇಕೆಂದು ಪಾಠ ನಡೆಯುತ್ತಿದ್ದಾಗಲೇ ತಂದು ಕೊಟ್ಟಿದ್ದಾಳೆ. ಟೀಚರು ಅಲ್ಲೇ ನಿಂತು ಗಟ್ಟಿಯಾಗಿ ಓದಿದ್ದಾರೆ. ಸಂಡೂರಿನ ಸಂಸಾರದ ಕಥೆ ಇಡೀ ಕ್ಲಾಸಿಗೆ ಗೊತ್ತಾಗಿದೆ.

ಆವತ್ತಿನಿಂದ ಈ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಓದು ಎಂದರೆ ಎದ್ದು ನಿಲ್ಲುತ್ತಾಳೆ, ಪುಸ್ತಕ ಹಿಡಿಯುತ್ತಾಳೆ, ಓದುವುದಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ಹೊರಗೆ ನಿಲ್ಲು ಎಂದರೆ ಹೋಗಿ ನಿಲ್ಲುತ್ತಾಳೆ. ಎಂಟನೇ ಕ್ಲಾಸಿನಲ್ಲಿ ಬಂದ ನಮ್ಮ ಇನ್ನೊಬ್ಬ ಸೀನಿಯರು ಈ ಮೌನವನ್ನೇ ಸಮಸ್ಯೆ, ಬುದ್ಧಿ ಮಂದವಾದದ್ದರ ಗುರುತು ಎಂದು ಬರೆದು, ಕಾರಣದ ಕೆಳಗೆ ತಂದೆಯ ಗೈರುಹಾಜರಿ ಎಂದು ಹಾಕಿದ್ದನಂತೆ. ಕಾಯಿಲೆ ಹಚ್ಚಿದವರು ನಾವು, ಹೆಸರು ಅವರಪ್ಪನಿಗೆ. ಹಾಗೆಂದು ಅವರಪ್ಪ ಒಳ್ಳೆಯವನೆಂದು ನಾನು ಹೇಳುತ್ತಿಲ್ಲ, ಅವನ ಮೇಲೂ ನನಗೆ ಬೇಕಾದಷ್ಟು ಸಿಟ್ಟಿದೆ. ಆದರೆ ಈ ಪಾಪ ಅವನದಲ್ಲ.

ನಮೂನೆಯಲ್ಲಿ ಮನೆ ಭೇಟಿ ಎಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಹೋದೆ. ತಾಯಿ ಡ್ಯೂಟಿಗೆ ಹೋಗಿದ್ದಳು. ಸಾಲು ಮನೆಗಳ ಮುಂದಿನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು, ನಡುವೆ ಈ ಹುಡುಗಿ. ಒಬ್ಬೊಬ್ಬರೂ ತಮ್ಮ ಫೋನನ್ನು, ಕಂಟ್ರಾಕ್ಟರು ಕೊಟ್ಟ ಚೀಟಿಯನ್ನು, ಆಸ್ಪತ್ರೆಯ ಹಾಳೆಯನ್ನು ಅವಳ ಮುಂದೆ ಹಿಡಿಯುತ್ತಿದ್ದರು. ಅವಳು ಪಟಪಟ ಓದಿ ಹೇಳುತ್ತಿದ್ದಳು. ಕನ್ನಡದ್ದು ಸರಾಗ, ಇಂಗ್ಲಿಷಿನದು ಕೂಡಿಸಿಕೊಂಡು. "ಚಿಗವ್ವ, ಇದರಾಗ ನಿನ್ನ ಹೆಸರು ತಪ್ಪು ಬರದಾರ, ನಾಳೆ ಹೋಗಿ ಜಗಳ ಮಾಡು" ಎಂದು ಒಬ್ಬಳಿಗೆ ಗದರಿದಳು. "ಈ ಗುಳಿಗಿ ಊಟಕ್ಕ ಮೊದಲ ತಗೋಬೇಕು, ನೀ ಉಂಡಮ್ಯಾಲೆ ತಗೊಂತಿ" ಎಂದು ಇನ್ನೊಬ್ಬಳಿಗೆ. ಆ ಗಂಟಲನ್ನು ನಾನು ಮೊದಲ ಸಲ ಕೇಳಿದ್ದು ಆವತ್ತೇ. ನನಗಿಂತ ಜೋರಿನವಳು ಎಂದು ಸಂತೋಷವಾಯಿತು.

ಆ ವಾರ ಕೂತು ಬರೆದೆ. ಹದಿನಾರು ಪುಟ. ಸಮಸ್ಯೆ ಎಂಬ ತಲೆಬರಹದ ಕೆಳಗೆ, ಈ ವಿದ್ಯಾರ್ಥಿನಿಗೆ ಓದಿನಲ್ಲಾಗಲಿ ಗ್ರಹಿಕೆಯಲ್ಲಾಗಲಿ ಯಾವ ತೊಂದರೆಯೂ ಇಲ್ಲ, ಗಣಿತ ಮತ್ತು ಇಂಗ್ಲಿಷ್ ಕ್ಲಾಸಿನ ಅರ್ಧ ಮಕ್ಕಳಿಗೆ ಎಷ್ಟು ಕಷ್ಟವೋ ಇವಳಿಗೂ ಅಷ್ಟೇ ಕಷ್ಟ, ಇವಳ ಮೌನಕ್ಕೆ ಕಾರಣ ನಮ್ಮ ಕಾಲೇಜಿನ ಹಿಂದಿನ ಅಧ್ಯಯನಗಳು ಎಂದು ಬರೆದೆ. ಪರಿಹಾರದ ಕೆಳಗೆ, ಇನ್ನು ಮುಂದೆ ಇವಳನ್ನು ಯಾರೂ ಅಧ್ಯಯನಕ್ಕೆ ತೆಗೆದುಕೊಳ್ಳಬಾರದು ಎಂದು ಬರೆದೆ. ನನ್ನ ಬಗ್ಗೆ ನನಗೆ ಬಹಳ ಹೆಮ್ಮೆ ಎನಿಸಿತ್ತು.

ಶನಿವಾರದ ಚರ್ಚೆ ಹೀಗೆ ನಡೆಯುತ್ತಿತ್ತು. ಒಬ್ಬರು ಮುಂದೆ ನಿಂತು ಓದುವುದು, ಉಳಿದವರು ಅಧ್ಯಯನ ಬರೆದ ತಮ್ಮ ರೆಕಾರ್ಡ್ ಪುಸ್ತಕದ ಅಂಚಿಗೆ ಸ್ಕೆಚ್ ಪೆನ್ನಿನಿಂದ ಬಳ್ಳಿ ಬರೆಯುತ್ತಾ ಕೂರುವುದು. ಅಂದವಾದ ಅಂಚಿಗೂ ಮಾರ್ಕ್ಸ್ ಇತ್ತು. ಮೊದಲ ಪುಟದಲ್ಲಿ ಗೌಪ್ಯತೆಗಾಗಿ ಹೆಸರು ಬದಲಿಸಲಾಗಿದೆ ಎಂದು ಬರೆದು, ಎರಡನೆಯ ಪುಟದಲ್ಲಿ ಮಗುವಿನ ಕಲರ್ ಫೋಟೊ ಅಂಟಿಸುವುದು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ, ನಾನೂ ಅಂಟಿಸಿದ್ದೆ. ಓದಿದ ಮೇಲೆ ಮೇಷ್ಟ್ರು, "ಪ್ರಶ್ನೆ?" ಎನ್ನುವುದು. ಯಾರಾದರೊಬ್ಬರು, "ಪರಿಹಾರ ಇನ್ನೊಂದೆರಡು ಸೇರಿಸಬಹುದಿತ್ತು ಸರ್" ಎನ್ನುವುದು. ಮುಂದಿನವರು ಎದ್ದು ಬರುವುದು. ಚರ್ಚೆ ಮುಗಿಯಿತು.

ನಾನು ಓದಿ ಮುಗಿಸಿದಾಗ ಮೇಷ್ಟ್ರು ಪ್ರಶ್ನೆ ಎನ್ನಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಮಸ್ಯೆ ಎಲ್ಲೈತಮ್ಮಾ?" ಎಂದರು.

"ಇಲ್ಲ ಸರ್. ಅದನ್ನ ಬರದೀನಿ."

"ಸಮಸ್ಯೆ ಇಲ್ಲದ ಮಗು ಕೇಸ್ ಹೆಂಗಾಗ್ತೈತಿ?"

ಕ್ಲಾಸು ನಕ್ಕಿತು. ಬಳ್ಳಿ ಬರೆಯುತ್ತಿದ್ದವರೂ ತಲೆ ಎತ್ತಿ ನಕ್ಕರು. ಮೇಷ್ಟ್ರು ಕೆಟ್ಟವರೇನಲ್ಲ. ನಮ್ಮಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಅವರೇ ಗಾಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದರು. ಆವತ್ತು ಕೂಡ ಒಳ್ಳೆಯ ಮನಸ್ಸಿನಿಂದಲೇ ಬೀರು ತೆಗೆದು, ಒಂದು ಹಳೆಯ ರೆಕಾರ್ಡು ಹುಡುಕಿ ನನ್ನ ಕೈಗೆ ಕೊಟ್ಟರು. "ಇದನ್ನ ನೋಡು. ಕಳದ ವರ್ಷದ್ದು. ಎಕ್ಸ್‌ಟರ್ನಲ್‌ನೋರು ಭಾಳ ಮೆಚ್ಚಿದ್ರು. ಹಿಂಗ ಬರಕೊಂಡು ಸೋಮವಾರ ತೋರಿಸು. ಕಾಲೇಜಿನ ಮ್ಯಾಲೆ ಬರದದ್ದು ತಗದು ಹಾಕು. ಇಲ್ಲಂದ್ರ ಇಂಟರ್ನಲ್ಸ್‌ದಾಗ ನಾನೇನೂ ಮಾಡಾಕ ಬರಂಗಿಲ್ಲ."

ತೆರೆದು ನೋಡಿದೆ. ಅದೇ ಹುಡುಗಿ. ಎಂಟನೇ ಕ್ಲಾಸಿನ ಫೋಟೊ.

ಸಿಟ್ಟು ಬರಬೇಕಿದ್ದದ್ದು ಆಗ. ಬಸ್ಸಿನ ಕಂಡಕ್ಟರ ಮೇಲೆ ಬರುವ ಸಿಟ್ಟಿನ ಕಾಲು ಭಾಗ ಬಂದಿದ್ದರೂ ಸಾಕಿತ್ತು. ಸರ್, ಇದೇ ಹುಡುಗಿ, ನೋಡಿ, ನೀವೇ ಎರಡು ವರ್ಷ ಇವಳ ಕೇಸಿಗೇ ಮಾರ್ಕ್ಸ್ ಹಾಕಿದ್ದೀರಿ ಎಂದು ಹೇಳಬಹುದಿತ್ತು. ನಾನು ಹೇಳಿದ್ದು "ಆಯ್ತು ಸರ್" ಎಂದು. ಮುಂದೆ ಶಿಕ್ಷಕರ ನೇಮಕಾತಿಗೆ ಬಿ.ಎಡ್. ಮಾರ್ಕ್ಸ್ ಲೆಕ್ಕಕ್ಕೆ ಬರುತ್ತವೆ ಎಂಬುದು ತಲೆಯಲ್ಲಿತ್ತು. ಇದೇನು ಕಾಲೇಜಿನ ಬೀರುವಿನಲ್ಲಿ ಕೊಳೆಯುವ ಹಾಳೆ ತಾನೇ, ಯಾರು ಓದುತ್ತಾರೆ ಎಂಬುದೂ ತಲೆಯಲ್ಲಿತ್ತು. ಭಾನುವಾರ ಊಟ ಮಾಡಿ ಕೂತು, ಸೀನಿಯರನ ವಾಕ್ಯಗಳನ್ನು ಒಂದಿಷ್ಟು ಆಚೀಚೆ ಮಾಡಿ ಬರೆದೆ. ಓದುವಾಗ ತಡವರಿಸುತ್ತಾಳೆ. ಗ್ರಹಿಕೆ ಮಂದ. ವಯಸ್ಸಿಗೆ ತಕ್ಕ ಬೌದ್ಧಿಕ ವಿಕಾಸ ಕಂಡುಬರುವುದಿಲ್ಲ. ಕಟ್ಟೆಯ ಮೇಲೆ ಕೂತು ಹೆಂಗಸರನ್ನು ಗದರುತ್ತಿದ್ದ ಹುಡುಗಿಯ ಬಗ್ಗೆ, ಆ ಗದರಿಕೆಯನ್ನು ಕಿವಿಯಾರೆ ಕೇಳಿದ ನಾನು, ನನ್ನ ದುಂಡಗಿನ ಅಕ್ಷರದಲ್ಲಿ ಇದನ್ನು ಬರೆದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಉತ್ತಮ ಎಂದು ಬರೆದರು.

ಕಾಲೇಜಿನ ಪದ್ಧತಿಯೊಂದಿತ್ತು. ಪ್ರತಿ ಅಧ್ಯಯನದ ಒಂದು ಪ್ರತಿಯನ್ನು ಮಗುವಿನ ಉಪಯೋಗಕ್ಕಾಗಿ ಶಾಲೆಗೆ ಕೊಡಬೇಕು. ಹನ್ನೆರಡು ಜನವೂ ಝೆರಾಕ್ಸ್ ಮಾಡಿಸಿ, ಒಟ್ಟಿಗೆ ದಾರ ಕಟ್ಟಿ, ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟು ಬಂದೆವು. ಅವರು ನೋಡಲೂ ಇಲ್ಲ. ಇಡ್ರಿ ಅಲ್ಲಿ ಎಂದರು. ಯಾರು ಓದುತ್ತಾರೆ ಎಂದು ನಾನು ಅಂದುಕೊಂಡದ್ದು ಸರಿಯೇ ಎನಿಸಿತು.

ವರ್ಷದ ಕೊನೆಯಲ್ಲಿ ನನ್ನ ಹಾಜರಿ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಒಬ್ಬಳೇ ಆ ಶಾಲೆಗೆ ಹೋದೆ. ಬಿಸಿಲು ಆಗಲೇ ಸುಡುತ್ತಿತ್ತು. ಹೆಡ್‌ಮಾಸ್ಟರ ರೂಮಿನ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಒಳಗೆ ಮೇಜಿನ ಎದುರು ಕುರ್ಚಿಯ ತುದಿಯಲ್ಲಿ ಅವಳ ತಾಯಿ ಕೂತಿದ್ದಳು. ಕ್ಯಾಂಟೀನಿನ ನೀಲಿ ಕೋಟನ್ನು ಸೀರೆಯ ಮೇಲೆ ತೊಟ್ಟಿದ್ದಳು, ಕೆಲಸದ ನಡುವೆ ಕೇಳಿಕೊಂಡು ಬಂದಿದ್ದಳು. ಮೇಜಿನ ಮೇಲೆ ಹೆಬ್ಬೆಟ್ಟು ಒತ್ತುವ ಇಂಕ್ ಪ್ಯಾಡು ತೆರೆದಿತ್ತು.

"ಬರ್ರಿ ಮೇಡಂ, ಸರಿಯಾದ ಟೈಮಿಗೆ ಬಂದ್ರಿ" ಎಂದರು ಹೆಡ್‌ಮಾಸ್ಟರು. "ಈ ಹುಡುಗೀದು ಕೇಸ್ ಸ್ಟಡಿ ಮಾಡಿದೋರು ನೀವೇ ಅಲ್ಲೇನು? ನೀವೇ ಈಕಿಗೆ ಒಂದು ಮಾತು ತಿಳಿಸಿ ಹೇಳ್ರಿ."

ವಿಷಯ ಇಷ್ಟು. ಹತ್ತನೇ ಕ್ಲಾಸಿನ ಫಲಿತಾಂಶ ಕೆಡಬಾರದೆಂದು ಅವರು ಒಂಬತ್ತನೇ ಕ್ಲಾಸಿನಿಂದ ಏಳು ಮಕ್ಕಳನ್ನು ಆರಿಸಿದ್ದರು. ಟಿ.ಸಿ. ತೆಗೆದುಕೊಳ್ಳುತ್ತೇವೆ, ಮುಂದೆ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿಸುತ್ತೇವೆ ಎಂದು ಮನೆಯವರಿಂದಲೇ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಿದ್ದರು. ಹಾಗೆ ಬಿಟ್ಟ ಹೆಣ್ಣುಮಕ್ಕಳು ಯಾರೂ ಆಮೇಲೆ ಪರೀಕ್ಷೆ ಕಟ್ಟುವುದಿಲ್ಲ, ಕ್ಯಾಂಟೀನಿಗೋ ಗಂಡನ ಮನೆಗೋ ಹೋಗುತ್ತಾರೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು, ಆ ತಾಯಿಗೂ ಗೊತ್ತು. ಅದಕ್ಕೇ ಅವಳು ಹೆಬ್ಬೆಟ್ಟು ಒತ್ತದೆ ಕೂತಿದ್ದಳು.

"ನಾ ಹೇಳಿದ್ದಲ್ಲಮ್ಮಾ ಇದು" ಎನ್ನುತ್ತಾ ಹೆಡ್‌ಮಾಸ್ಟರು ಫೈಲು ಬಿಚ್ಚಿದರು. "ಕಾಲೇಜಿನೋರು ಮೂರು ವರ್ಷ ಪರೀಕ್ಷೆ ಮಾಡಿ ಬರದಾರ. ಮೂರೂ ಮಂದಿ ಒಂದೇ ಬರದಾರ. ಬುದ್ಧಿ ಬೆಳದಿಲ್ಲ ಅಂತ." ಫೈಲಿನಲ್ಲಿ ಮೂರು ಝೆರಾಕ್ಸ್ ಪ್ರತಿಗಳನ್ನು ಒಂದರ ಮೇಲೊಂದು ಪಿನ್ ಹೊಡೆದು ಇಟ್ಟಿದ್ದರು. ಮೇಲಿನದು ನನ್ನದು.

ತಾಯಿ ನನ್ನ ಕಡೆ ತಿರುಗಿದಳು. "ಏನ್ ಬರದೀರಿ ಅಮ್ಮಾ? ಓದಿ ಹೇಳ್ರಿ. ನನಗ ಅಕ್ಷರ ಬರಂಗಿಲ್ಲ."

ನಾನು ಹಾಳೆ ತೆಗೆದುಕೊಂಡೆ. ಬಾಯಿ ತೆರೆದೆ. ಎಂಥಾ ಬಾಯಿ ನನ್ನದು, ಆವತ್ತು ಅದಕ್ಕೆ ಬೀಗ ಬಿದ್ದಿತ್ತು. ಆಗ ಹುಡುಗಿ ಬಾಗಿಲಿನಿಂದ ಒಳಗೆ ಬಂದಳು. ನನ್ನ ಕೈಯಿಂದ ಹಾಳೆಯನ್ನು ತೆಗೆದುಕೊಂಡು, "ನಾ ಓದ್ತೀನವ್ವಾ" ಎಂದಳು.

ಓದಿದಳು. ಮೂರು ವರ್ಷದಲ್ಲಿ ಆ ಕಾಂಪೌಂಡಿನೊಳಗೆ ಅವಳು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಪೀಠಿಕೆಯಿಂದ ಹಿಡಿದು ಓದಿದಳು. ಕೌಟುಂಬಿಕ ಹಿನ್ನೆಲೆ, ದೈಹಿಕ ವಿಕಾಸ, ಸಾಮಾಜಿಕ ವಿಕಾಸ. ಒತ್ತಕ್ಷರಗಳ ಮೇಲೆ ನಿಲ್ಲಲಿಲ್ಲ, ಪೂರ್ಣವಿರಾಮ ಬಂದಲ್ಲಿ ನಿಂತು ಉಸಿರು ತೆಗೆದುಕೊಂಡಳು. ಓದುವಾಗ ತಡವರಿಸುತ್ತಾಳೆ ಎಂಬುದನ್ನು ತಡವರಿಸದೆ ಓದಿದಳು. ಗ್ರಹಿಕೆ ಮಂದ ಎಂದು ಓದಿ, "ಅಂದ್ರ ಜಲ್ದಿ ತಿಳಿಯಂಗಿಲ್ಲ ಅಂತವ್ವಾ" ಎಂದು ತಾಯಿಗೆ ಬಿಡಿಸಿ ಹೇಳಿದಳು. ಬೌದ್ಧಿಕ ವಿಕಾಸಕ್ಕೂ ಅರ್ಥ ಹೇಳಿದಳು. ಕೊನೆಯ ಪುಟದಲ್ಲಿ ಅಧ್ಯಯನ ಮಾಡಿದವರು ಎಂಬುದರ ಮುಂದೆ ನನ್ನ ಹೆಸರಿತ್ತು, ಅದನ್ನೂ ಓದಿದಳು. ಓದಿ ನನ್ನ ಕಡೆ ನೋಡಲಿಲ್ಲ, ಹಾಳೆಯನ್ನು ಮೇಜಿನ ಮೇಲಿಟ್ಟಳು.

ಹೆಡ್‌ಮಾಸ್ಟರು ಹಾಳೆಯನ್ನು ಮತ್ತೆ ಫೈಲಿಗೆ ಸೇರಿಸಿದರು. ಆಮೇಲೆ, "ಬಾಯಿಪಾಠ ಮಾಡ್ಯಾಳ" ಎಂದರು.

ಆಗ ನನಗೆ ಬಂತು. ನೆತ್ತಿಗೇರಿತು. ಎಲ್ಲಿಂದ ಬಾಯಿಪಾಠ ಮಾಡ್ತಾಳ್ರಿ, ಈ ಹಾಳೆ ನಿಮ್ಮ ಬೀರುವಿನಾಗಿತ್ತು, ನಾ ಬರದದ್ದು ಸುಳ್ಳು, ಮೂರೂ ಸುಳ್ಳು, ಒಬ್ಬರದ್ದು ಒಬ್ಬರು ನೋಡಿ ಬರದೀವಿ, ಬೇಕಾದ್ರ ಈಗಲೇ ಬರದು ಕೊಡ್ತೀನಿ ಎಂದು ಕೂಗಿದೆ. ನನ್ನ ದನಿಗೆ ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಬಂದರು. ಹೆಡ್‌ಮಾಸ್ಟರು ಸಹಿಗೆಂದು ನಾನು ಮೇಜಿನ ಮೇಲಿಟ್ಟಿದ್ದ ಹಾಜರಿ ಪತ್ರವನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನ ಅಧ್ಯಯನದ ಕೊನೆಯ ಪುಟ ತೋರಿಸಿ, "ನಿಮ್ಮ ಸಹಿ ಐತಿ, ಕಾಲೇಜಿನ ಸೀಲು ಐತಿ. ಈಗ ಸುಳ್ಳು ಅಂದ್ರ ಯಾವದನ್ನ ನಂಬಬೇಕು?" ಎಂದರು. ಅಷ್ಟು ದೊಡ್ಡ ಸಿಟ್ಟು, ಒಂದು ಸೀಲಿನ ಮುಂದೆ ಮೂರು ಕಾಸಿಗೆ ಬಾಳಲಿಲ್ಲ.

ಇಂಕ್ ಪ್ಯಾಡನ್ನು ಮುಚ್ಚಿದವಳು ತಾಯಿ. ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದಳು. "ನಾ ಒತ್ತಂಗಿಲ್ಲ ಸಾರ್" ಎಂದಳು. "ನನ್ನ ಮಗಳನ್ನ ಓದಾಕ ಕಳಿಸೀನಿ, ಬರಕೊಳ್ಳಾಕ ಅಲ್ಲ. ಹತ್ತನೇತ್ಯಾಗ ಕುಂದ್ರತಾಳ. ಫೇಲಾದ್ರ ಕುಂತು ಫೇಲಾಗ್ಲಿ. ನನ್ನ ಹೆಬ್ಬೆಟ್ಟು ಇಲ್ದಂಗ ನೀವು ಹೆಂಗ ಕಳಿಸ್ತೀರೋ ನಾನೂ ನೋಡ್ತೀನಿ." ಹೆಬ್ಬೆಟ್ಟಿಲ್ಲದೆ ಅವರೇನೂ ಮಾಡುವ ಹಾಗಿರಲಿಲ್ಲ. ಹೆಡ್‌ಮಾಸ್ಟರು ಫೈಲು ಮುಚ್ಚಿದರು, ನಿಮ್ಮ ಹಣೆಬರಹ ಎಂದು ಗೊಣಗಿದರು. ಹುಡುಗಿ ಹತ್ತನೇ ಕ್ಲಾಸಿಗೆ ಹೋದಳು.

ನನ್ನ ಹಾಜರಿ ಪತ್ರಕ್ಕೂ ಸಹಿ ಬಿತ್ತು. ಜಗಳ ಬೆಳೆಯಬಾರದೆಂದು ತಕ್ಷಣ ಹಾಕಿಕೊಟ್ಟರು.

ಹೊರಗೆ ಬಂದಾಗ ಅವರಿಬ್ಬರೂ ಗೇಟಿನ ಹತ್ತಿರ ಇದ್ದರು. ನಾನು ಓಡಿ ಹೋಗಿ ನಿಂತೆ. ತಪ್ಪಾಯಿತು ಎಂದೆ. ಹುಡುಗಿ ಚಪ್ಪಲಿಯ ತುದಿಯಿಂದ ಕೆಂಪು ಮಣ್ಣು ಕೆದಕುತ್ತಿದ್ದಳು, ತಲೆ ಎತ್ತಲಿಲ್ಲ. ಎರಡು ವಾರ ನನ್ನ ಡಬ್ಬಿಯಿಂದ ರೊಟ್ಟಿ ತಿಂದವಳು, ನನ್ನನ್ನು ಬೇರೆಯವರ ಹಾಗಲ್ಲ ಎಂದುಕೊಂಡವಳು. ಮೊದಲಿಬ್ಬರು ಗೊತ್ತಿಲ್ಲದೆ ಬರೆದರು ಎನ್ನಬಹುದು. ನಾನು ಗೊತ್ತಿದ್ದು ಬರೆದೆ.

ತಾಯಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ನೀವು ಮುಂದ ಟೀಚರ್ ಆಗ್ತೀರೇನ್ರಿ?" ಎಂದು ಕೇಳಿದಳು.

"ಹೌದ್ರಿ."

"ಯಾವ ಊರಿಗೆ ಹಾಕ್ತಾರ?"

"ಇನ್ನೂ ಗೊತ್ತಿಲ್ರಿ. ಎಲ್ಲಿಗೆ ಬೇಕಾದ್ರೂ ಹಾಕಬಹುದು."

"ಇಲ್ಲಿಗೆ ಮಾತ್ರ ಬರಬ್ಯಾಡ್ರಿ ಅಮ್ಮಾ" ಎಂದಳು.

ಬರುವುದಿಲ್ಲ ಎಂದೆ. ಅವಳು ಮಗಳ ಕೈ ಹಿಡಿದು ರಸ್ತೆ ದಾಟಿದಳು.